ಬೇರೆ ಕೈಯ ಅಕ್ಷರ

ಮುದ್ದೇಬಿಹಾಳ
೧೦ ಫೆಬ್ರುವರಿ ೧೯೭೪

ಚಿ. ಶಂಕ್ರೆಪ್ಪನಿಗೆ ಅಕ್ಕ ಇಂದ್ರಾಬಾಯಿಯ ಆಶೀರ್ವಾದ.

ನೀನು ಫೈರ್ ಸರ್ವಿಸ್ ತರಬೇತಿಗೆಂದು ಬೆಂಗಳೂರಿಗೆ ಹೋಗಿ ಇಂದಿಗೆ ನಲವತ್ತೊಂದು ದಿನ. ಬಂದ ಕಾಗದ ಎರಡು. ಮೊದಲನೆಯದರಲ್ಲಿ ಊಟ ಚೆನ್ನಾಗಿದೆ ಎಂದು ಬರೆದಿದ್ದೀ, ಎರಡನೆಯದರಲ್ಲೂ ಊಟ ಚೆನ್ನಾಗಿದೆ ಎಂದೇ ಬರೆದಿದ್ದೀ. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ ಹುಡುಗ ನೀನು. ಎರಡೂ ಹೊತ್ತು ಅನ್ನ ಹಾಕುವ ಊರಿನಲ್ಲಿ ನಿನಗೆ ಊಟ ಚೆನ್ನಾಗಿದೆ ಎಂದರೆ, ಬೇರೆ ಏನೋ ಚೆನ್ನಾಗಿಲ್ಲ ಎಂದೇ ನಾನು ತಿಳಿಯುತ್ತೇನೆ.

ಜೊತೆಗೆ ಕಳಿಸಿದ ಫೋಟೋ ನೋಡಿದೆ. ನಿನ್ನ ಎಡ ಹುಬ್ಬು ಎಲ್ಲಿ ಹೋಯಿತು? ಫೋಟೋ ತೆಗೆದವನ ತಪ್ಪು ಎನ್ನಬೇಡ, ಬಲ ಹುಬ್ಬು ಸರಿಯಾಗಿಯೇ ಬಿದ್ದಿದೆ. ಅವ್ವ ತೀರಿದಾಗ ನಿನಗೆ ಐದು ವರ್ಷ. ಮೋರಟಗಿಯಿಂದ ನಿನ್ನ ಕೈ ಹಿಡಿದುಕೊಂಡು ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಕೆಗೆ ಬಂದವಳು ನಾನು. ನಿನ್ನ ಮುಖದಲ್ಲಿ ಏನು ಕಡಿಮೆಯಾದರೂ ನನಗೆ ಗೊತ್ತಾಗುತ್ತದೆ.

ದೇವರ ಹಿಪ್ಪರಗಿಯ ಗುರಲಿಂಗಪ್ಪನವರು ಮೊನ್ನೆ ಬಂದಿದ್ದರು. ಅವರ ಮಗಳು ಸುಂದರವ್ವನನ್ನು ನಿನಗೆ ಕೊಡುವುದು ನಿಶ್ಚಯವಾಗಿದೆ, ಜೂನಿನಲ್ಲಿ ಮದುವೆ ಎಂದೂ ಆಗಿದೆ. ಆದರೂ ಹೆಣ್ಣು ಹೆತ್ತವರಿಗೆ ಅಳುಕು ಇದ್ದೇ ಇರುತ್ತದೆ. "ಫೈರ್ ಅಂದ್ರ ಏನ್ ಕೆಲಸ್ರಿ ಬಾಯಾರ? ಬೆಂಕ್ಯಾಗ ಜಿಗಿಯೂದೇನ್ರಿ?" ಎಂದು ಕೇಳಿದರು. ನಾನು ಸಮಾಧಾನ ಹೇಳಿ ಕಳಿಸಿದ್ದೇನೆ.

ಪಾರ್ಸಲ್ಲಿನಲ್ಲಿ ಒಂದು ಟೆರಿಲಿನ್ ಅಂಗಿ ಕಳಿಸಿದ್ದೇನೆ. ಆಕಾಶದ ಬಣ್ಣ, ವಿಜಾಪುರದಲ್ಲಿ ಹೊಲಿಸಿದ್ದು. ಒಗೆದು ಕೊಡವಿದರೆ ಸಾಕು, ಇಸ್ತ್ರಿ ಬೇಡ. ಅದನ್ನು ಹಾಕಿಕೊಂಡು ಇನ್ನೊಂದು ಫೋಟೋ ತೆಗೆಸಿ ಕಳಿಸು. ಹುಬ್ಬಿನ ವಿಷಯ ತಪ್ಪದೆ ಬರೆ.

ಅಕ್ಕ


ಬೆಂಗಳೂರು
೧೯ ಫೆಬ್ರುವರಿ ೧೯೭೪

ಅಕ್ಕನಿಗೆ ಶಂಕ್ರೆಪ್ಪನ ನಮಸ್ಕಾರ.

ಪಾರ್ಸಲ್ ಮುಟ್ಟಿತು. ಅಂಗಿ ಬಹಳ ಚೆಂದ ಇದೆ. ಇಲ್ಲಿ ದಿನವಿಡೀ ಸರಕಾರ ಕೊಟ್ಟ ಬಟ್ಟೆಯನ್ನೇ ಹಾಕಬೇಕು, ಅದಕ್ಕೆ ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದೇನೆ. ಹುಬ್ಬಿನದು ದೊಡ್ಡ ಸಂಗತಿಯೇನಲ್ಲ. ಸ್ಟೋವ್ ಹಚ್ಚುವಾಗ ಭಗ್ ಎಂದಿತು. ಈಗ ಕೂದಲು ಬರುತ್ತಿದೆ.

ಊಟ ಬಿಟ್ಟು ಬೇರೆ ಬರೆಯುತ್ತೇನೆ. ಬೆಳಗ್ಗೆ ಐದಕ್ಕೆ ಎಬ್ಬಿಸುತ್ತಾರೆ. ನೀರಿನ ಪೈಪಿನ ಸುರುಳಿ ಹೆಗಲ ಮೇಲೆ ಹೊತ್ತು ಓಡಬೇಕು, ನಿಚ್ಚಣಿಕೆ ಹತ್ತಬೇಕು. ಉಣ್ಣೆಯ ದಪ್ಪ ಕೋಟು, ಮೊಣಕಾಲಿನವರೆಗೆ ಬೂಟು, ಹೆಲ್ಮೆಟ್ಟು, ಚರ್ಮದ ಕೈಗವಸು, ಎಲ್ಲವನ್ನೂ ಗಂಟೆ ಹೊಡೆದ ಒಂದೇ ನಿಮಿಷದಲ್ಲಿ ಹಾಕಿಕೊಂಡು ಸಾಲಿನಲ್ಲಿ ನಿಲ್ಲಬೇಕು. ಕಲಿಸುವವರು ಯಾಕೂಬಸಾಬ ಎಂದು, ನಮ್ಮ ಇಂಡಿ ಊರಿನವರು. ಮೊದಲ ದಿನ ಅವರು ಬೈದಾಗ ನನಗೆ ಕಣ್ಣಲ್ಲಿ ನೀರೇ ಬಂತು, ನಮ್ಮ ಕಡೆಯ ಮಾತು ಕೇಳಿ. "ಏ ಮೋರಟಗಿ, ಕಾಲರಿನ ಗುಂಡಿ ನಿಮ್ಮಪ್ಪ ಬಂದು ಹಾಕ್ತಾನೇನೋ? ಬೆಂಕಿಗೆ ಒಂದ್ ಬೆರಳ ಸಂದಿ ಸಾಕು!" ಎನ್ನುತ್ತಾರೆ. ಒಮ್ಮೊಮ್ಮೆ ಅವರ ಮನೆಯಿಂದ ಜೋಳದ ರೊಟ್ಟಿ ಬರುತ್ತದೆ.

ನೀನು ಹೆದರುವ ಕಾರಣವಿಲ್ಲ. ಬೆಂಕಿ ಇನ್ನೂ ತೋರಿಸಿಲ್ಲ. ಬರೀ ನೀರು ಹೊಡೆಯುವುದು.

ನಿನ್ನ ತಮ್ಮ
ಶಂಕ್ರೆಪ್ಪ


ಮುದ್ದೇಬಿಹಾಳ
೬ ಮಾರ್ಚ್ ೧೯೭೪

ಶಂಕ್ರೆಪ್ಪಾ,

ನಿನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. "ಬೆಂಕಿ ಇನ್ನೂ ತೋರಿಸಿಲ್ಲ" ಎಂಬಲ್ಲಿ ಮೊದಲು "ತೋರಿಸಿದರು" ಎಂದು ಬರೆದು, ಅದರ ಬಾಲ ಹೊಡೆದು "ಲ್ಲ" ಮಾಡಿದ್ದೀ. ಹದಿನೆಂಟು ವರ್ಷದಿಂದ ಮಕ್ಕಳ ಪಾಟಿ ತಿದ್ದುತ್ತಿರುವವಳಿಗೆ ಇದು ಕಾಣುವುದಿಲ್ಲವೆ?

ಇನ್ನೊಂದು. ಸರಕಾರದ ಮೆಸ್ಸಿನಲ್ಲಿ ಉಣ್ಣುವವನು ಸ್ಟೋವ್ ಯಾಕೆ ಹಚ್ಚಿದೆ? ಯಾರ ಮನೆಯಲ್ಲಿ ಹಚ್ಚಿದೆ? ಯಾಕೂಬಸಾಬರ ಮನೆಯ ರೊಟ್ಟಿ ಬಡಿಯುವವರು ಯಾರು? ಅವರಿಗೆ ಹೆಣ್ಣುಮಕ್ಕಳು ಎಷ್ಟು ಜನ, ಅವರ ವಯಸ್ಸೆಷ್ಟು? ನಾನು ಕೊಟ್ಟ ಅಂಗಿ ಟ್ರಂಕಿನಲ್ಲಿದೆ ಎನ್ನುತ್ತೀ, ಫೋಟೋ ಕೇಳಿದರೆ ಸುಮ್ಮನಾಗುತ್ತೀ.

ಈಗ ಮುಖ್ಯ ವಿಷಯ. ಗುರಲಿಂಗಪ್ಪನವರ ತಮ್ಮ ಭೀಮಶ್ಯಾ ಬೆಂಗಳೂರಿನ ಮಿಲ್ಲಿನಲ್ಲಿದ್ದಾರೆ. ಯುಗಾದಿಯ ದಿನ, ೨೪ನೇ ತಾರೀಖು ರವಿವಾರ ಬೆಳಗ್ಗೆ ಹನ್ನೊಂದಕ್ಕೆ ನಿನ್ನನ್ನು ನೋಡಲು ಬರುತ್ತಾರೆ. ಆ ದಿನ ಖಾಕಿ ಬೇಡ, ಬೂಟು ಬೇಡ. ಬೆಳಗ್ಗೆಯೇ ಸ್ನಾನ ಮಾಡಿ ಟೆರಿಲಿನ್ ಅಂಗಿ ಹಾಕಿಕೊಂಡು, ಕೈಯಲ್ಲಿ ಎರಡು ಪುಸ್ತಕ ಹಿಡಿದು ಕೂತಿರು. ಕೆಲಸದ ಬಗ್ಗೆ ಅವರೇನು ಕೇಳಿದರೂ "ಹೌದ್ರಿ" ಎನ್ನು. ಯಾಕೆ ಎಂದು ನನ್ನನ್ನು ಕೇಳಬೇಡ. ಅಂಗಿ ನಿನ್ನ ಮೈಮೇಲೆ ಕಾಣಲಿಲ್ಲ ಎಂದು ಅವರು ಹೇಳಿದರೆ, ಅದನ್ನು ಯಾರಿಗೋ ಕೊಟ್ಟಿದ್ದೀ ಎಂದೇ ನನ್ನ ತೀರ್ಮಾನ.

ಅಕ್ಕ


ಬೆಂಗಳೂರು
೨ ಏಪ್ರಿಲ್ ೧೯೭೪

ಅಕ್ಕನಿಗೆ ನಮಸ್ಕಾರ.

ನಾನು ಕ್ಷೇಮವಾಗಿದ್ದೇನೆ. ಬಲಗೈ ಬೆರಳಿಗೆ ಉಗುರುಸುತ್ತು ಆಗಿರುವುದರಿಂದ ಈ ಕಾಗದ ಬೇರೆಯವರ ಕೈಯಿಂದ ಬರೆಸುತ್ತಿದ್ದೇನೆ. ಯುಗಾದಿ ದಿನ ಭೀಮಶ್ಯಾ ಅವರು ಬಂದಾಗ ನನಗೆ ಕೆಲಸವಿತ್ತು, ಭೆಟ್ಟಿಯಾಗಲಿಲ್ಲ. ಅವರಲ್ಲಿ ಕ್ಷಮೆ ಕೇಳಿದೆನೆಂದು ತಿಳಿಸಬೇಕು. ಅಂಗಿ ಹಾಕಿಕೊಂಡಿದ್ದೆ. ಇದು ಸತ್ಯ.

ಔಷಧದ ಅಂಗಡಿ ಹಂತೇಲಿಯೇ ಇದೆ. ಚಿಂತೆ ಮಾಡಬಾರದು. ಸ್ವಲ್ಪ ದಿನ ಕಾಗದ ತಡವಾದರೆ ಬೇಜಾರಾಗಬಾರದು.

ಶಂಕ್ರೆಪ್ಪ


ಮುದ್ದೇಬಿಹಾಳ
೧೩ ಏಪ್ರಿಲ್ ೧೯೭೪

ಶಂಕ್ರೆಪ್ಪಾ,

ಕಾಗದ ಬರೆದ ಹೆಂಗಸು ಯಾರು?

ಗಂಡಸೆಂದು ಹೇಳುವ ಶ್ರಮ ತೆಗೆದುಕೊಳ್ಳಬೇಡ. ಆ ದುಂಡಗಿನ ಅಕ್ಷರ, ಒಳಗೆ ಸುತ್ತಿದ "ಳ", ಸಾಲಿನ ಕೊನೆಗೆ ಜಾಗ ಸಾಲದೆ ಮೇಲೆ ಹತ್ತಿಸಿದ ಒತ್ತು, ಇವೆಲ್ಲ ಹೆಣ್ಣುಮಕ್ಕಳ ಶಾಲೆಯವು. "ಹಂತೇಲಿ" ಎಂದು ಬರೆದಿದ್ದಾಳೆ. ಬೆಂಗಳೂರಿನವರು ಹತ್ತಿರ ಎನ್ನುತ್ತಾರೆ, ಹಂತೇಲಿ ಎನ್ನುವುದಿಲ್ಲ. ಹಾಗಾದರೆ ನಮ್ಮ ಕಡೆಯವಳು. ಇಂಡಿಯವಳು. ರೊಟ್ಟಿ ಬಡಿಯುವವಳು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಒಂದೇ ಕಾಗದದಲ್ಲಿ ಉತ್ತರ ಸಿಕ್ಕಿತು.

ಭೀಮಶ್ಯಾ ಊರಿಗೆ ಬಂದು ಹೇಳಿದ್ದು ಕೇಳು. "ನಾ ಗೇಟಿನ್ಯಾಗ ನಿಂತಿದ್ದೆ ಬಾಯಾರ. ಒಳಗ ಗಂಟಿ ಹೊಡೀತು, ಎಲ್ಲಾರೂ ಓಡಿದ್ರು. ಆಮ್ಯಾಲ ಒಂದ್ ತಾಸು ಯಾರೂ ನನ್ನ ಕಡೆ ನೋಡಲಿಲ್ಲ. ಕಡೀಗೆ ಒಬ್ಬಾಕಿ ಹೆಣ್ಮಗಳು ತಲಿ ಮ್ಯಾಲ ಸೆರಗು ಎಳಕೊಂಡು ಬಂದು, ಶಂಕ್ರೆಪ್ಪ ಇವತ್ತ ಸಿಗೂದಿಲ್ರಿ, ಹೋಗಿ ಬರ್ರಿ ಅಂದಳು. ಅತ್ತು ಕಣ್ಣು ಕೆಂಪಗಾಗಿದ್ದುವು." ಅಳುತ್ತಿದ್ದವಳು ಯಾಕೆ ಅಳುತ್ತಿದ್ದಳು? ನಿನ್ನನ್ನು ನೋಡಲು ಹೆಣ್ಣಿನ ಕಡೆಯವರು ಬಂದರೆ ಅವಳಿಗೇನು ಸಂಕಟ?

ಗುರಲಿಂಗಪ್ಪನವರು ಇನ್ನೂ ಬಾಯಿ ಬಿಟ್ಟು ಕೇಳಿಲ್ಲ. ಕೇಳುವ ದಿನ ದೂರವಿಲ್ಲ. ನಿನ್ನ ಸ್ವಂತ ಅಕ್ಷರದಲ್ಲಿ ಒಂದು ಪುಟ ಬರೆದು ಕಳಿಸು. ಉಗುರುಸುತ್ತು ಹತ್ತು ದಿನಕ್ಕೆ ಒಡೆಯುತ್ತದೆ.

ಇಂದ್ರಾಬಾಯಿ


ಬೆಂಗಳೂರು
೨೫ ಏಪ್ರಿಲ್ ೧೯೭೪
(ಕಾರ್ಡು)

ಅಕ್ಕಾ, ಇದು ನನ್ನ ಕೈಯಿಂದಲೇ ಬರೆದದ್ದು. ನೀನು ತಿಳಿದ ಹಾಗೆ ಏನೂ ಇಲ್ಲ. ಬರಬೇಡ.
ಶಂಕ್ರೆಪ್ಪ


ಮುದ್ದೇಬಿಹಾಳ
೩ ಮೇ ೧೯೭೪

ಇದು ನಿನ್ನ ಅಕ್ಷರವಲ್ಲ. ಅಕ್ಷರ ಕಲಿಯದವರು ಹಿಡಿದು ಗೀಚಿದ ಹಾಗಿದೆ. ನಾನು ಬರುತ್ತೇನೆಂದು ಎಲ್ಲಿಯೂ ಬರೆದಿರಲಿಲ್ಲ. ಕೇಳದೆ ಇದ್ದದ್ದಕ್ಕೆ "ಬರಬೇಡ" ಎಂದು ಉತ್ತರ ಬಂದರೆ ಬರಲೇಬೇಕು ಎಂದು ಅರ್ಥ.

ಶಾಲೆಗೆ ಸೂಟಿ. ರೈಲಿನವರು ಎಂಟನೇ ತಾರೀಖಿನಿಂದ ಮುಷ್ಕರ ಹೂಡುತ್ತಾರೆಂದು ಎಲ್ಲರೂ ಹೇಳುತ್ತಿದ್ದಾರೆ. ಟಪಾಲೂ ನಿಲ್ಲುತ್ತದಂತೆ. ನಿಲ್ಲಲಿ. ಬಸ್ಸಿಗೆ ಬರುತ್ತೇನೆ.

ಇಂದ್ರಾಬಾಯಿ


ಮುದ್ದೇಬಿಹಾಳ
೩೦ ಮೇ ೧೯೭೪

ಶಂಕ್ರೆಪ್ಪಾ,

ನಿನ್ನೆ ಮನೆ ಮುಟ್ಟಿದೆ. ಆಸ್ಪತ್ರೆಯಲ್ಲಿ ಹನ್ನೆರಡು ದಿನ ನಿನ್ನ ಮಂಚದ ಪಕ್ಕ ಕೂತಿದ್ದೆ. ನೀನು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ಮೂರು ಬಸ್ಸು ಬದಲಿಸಿ ಬೆಳಗಿನ ಆರಕ್ಕೆ, ನಿಮ್ಮ ತರಬೇತಿಯ ಆವರಣದಲ್ಲೇ ಇರುವ ಯಾಕೂಬಸಾಬರ ಮನೆಯ ಬಾಗಿಲು ಬಡಿದೆ. ಏನೇನು ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಹೋಗಿದ್ದೆ. ಬಾಗಿಲು ತೆಗೆದವಳು ತಲೆ ಅರ್ಧ ನೆರೆತ, ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ಯಾಕೂಬಸಾಬರ ಹೆಂಡತಿ ಸಗೀರಾ. ನಾನು ಹೊಸ್ತಿಲಲ್ಲೇ ನಿಂತು, "ಶಂಕ್ರೆಪ್ಪನ ಕಾಗದ ಬರೆದಾಕಿ ನೀವೇನ್ರಿ?" ಎಂದೆ.

"ನಾನೇರಿ" ಎಂದಳು. "ನೀವು ಅವನ ಅಕ್ಕಾರೇನ್ರಿ? ಬರ್ರಿ, ಒಳಗ ಬರ್ರಿ. ಅವ ಸುಳ್ಳು ಹೇಳಿ ಬರಸ್ಯಾನ, ನಾನೂ ಸುಳ್ಳು ಬರದೇನಿ. ಅವತ್ತಿಂದ ನನಗ ಊಟ ಸೇರವಲ್ದು."

ಆಮೇಲೆ ಆಸ್ಪತ್ರೆಯ ದಾರಿಯಲ್ಲಿ ಎಲ್ಲವನ್ನೂ ಹೇಳಿದಳು. ಯುಗಾದಿಯ ದಿನ ಹಬ್ಬದ ಸೂಟಿ ಎಂದು ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದಾಗ ಮುನ್ಸೂಚನೆ ಇಲ್ಲದೆ ಗಂಟೆ ಹೊಡೆದರಂತೆ. ನೀನು ಟೆರಿಲಿನ್ ಅಂಗಿಯ ಮೇಲೆಯೇ ಉಣ್ಣೆಯ ಕೋಟು ಹಾಕಿಕೊಂಡು ತರಬೇತಿಗೆಂದು ಬೆಂಕಿ ಹಚ್ಚಿದ ಇಟ್ಟಿಗೆಯ ಕೋಣೆಯೊಳಗೆ ಹೋದೆಯಂತೆ. "ಅಂಗಿ ಬಿಡಸಾಕ ದವಾಖಾನ್ಯಾಗ ಮೂರ್ ತಾಸು ಬೇಕಾತ್ರಿ ಅಕ್ಕಾರ. ಬಲಗೈ ಮಣಿಕಟ್ಟಿನಿಂದ ಹೆಗಲತನಾ ಚರ್ಮಕ್ಕ ಹತ್ತಿಬಿಟ್ಟಿತ್ತು. ಹುಡುಗ ಚೀರಲಿಲ್ಲ. 'ಅಕ್ಕಗ ಬರೀಬ್ಯಾಡ್ರಿ' ಅಂತ ಅದೊಂದ ಮಾತು ಹೇಳತಿದ್ದ" ಎಂದಳು.

ಆ ಕಾರ್ಡು ನೀನು ಎಡಗೈಯಲ್ಲಿ ಬರೆದದ್ದೆಂದು ಅಲ್ಲಿ ಗೊತ್ತಾಯಿತು. ಅಕ್ಷರ ಕಲಿಯದವರು ಗೀಚಿದ್ದು ಎಂದು ನಾನು ಬರೆದಿದ್ದೆ.

ಯಾಕೂಬಸಾಬರು ನನ್ನನ್ನು ತಮ್ಮ ಕೋಣೆಗೆ ಕರೆದು ಎರಡು ಬಟ್ಟೆಯ ಚೂರಿಗೆ ಕಡ್ಡಿ ಗೀರಿ ತೋರಿಸಿದರು. ಹತ್ತಿಯದು ಬೂದಿಯಾಗಿ ಉದುರಿತು. ಟೆರಿಲಿನ್ನಿನದು ಮೇಣದ ಹಾಗೆ ಹನಿಹನಿಯಾಗಿ ತೊಟ್ಟಿಕ್ಕಿ ನೆಲಕ್ಕೆ ಅಂಟಿತು. "ಕೋಟಿಗೆ ಏನೂ ಆಗಿಲ್ರಿ. ಕೋಟು ತನ್ನ ಕೆಲಸ ಮಾಡೇತಿ. ಇಂವ ಅವಸರದಾಗ ತೋಳಿನ ಗುಂಡಿ ಹಾಕಿಲ್ಲ, ಅಲ್ಲಿಂದ ಝಳ ಒಳಗ ಹೊಕ್ಕೈತಿ. ಹತ್ತಿ ಬನೀನು ಇದ್ದಿದ್ರ ಬೊಬ್ಬಿ ಎದ್ದು ಮುಗೀತಿತ್ತು. ಇದು ಕರಗಿ ಕುಂತೈತಿ" ಎಂದರು. "ಇದನ್ನ ಮೊದಲನೇ ವಾರದಾಗ ಎಲ್ಲಾರಿಗೂ ತೋರಸ್ತೇನ್ರಿ. ನಿಮ್ಮ ತಮ್ಮ ಮುಂದಿನ ಸಾಲಿನ್ಯಾಗ ಕುಂತಿದ್ದ. ಗೊತ್ತಿದ್ದೂ ಯಾಕ ಹಾಕ್ಕೊಂಡ? ಎಷ್ಟ್ ಕೇಳಿದರೂ 'ಮರತೆ' ಅಂತಾನ. ನಿಯಮ ಮುರದಾನಂತ ಮನಿಗೆ ಕಳಸೂದು ನಿಶ್ಚಯ ಆಗೇತಿ."

ನೀನು ಮರೆತಿರಲಿಲ್ಲ. ನಿನಗೆ ಅದನ್ನು ಹಾಕಿಸಿದವಳು ನಾನು. ಯಾಕೆ ಎಂದು ಕೇಳಬೇಡ ಎಂದಿದ್ದೆನಲ್ಲ, ಈಗ ಕೇಳದೆಯೇ ಹೇಳುತ್ತೇನೆ. ಗುರಲಿಂಗಪ್ಪನವರಿಗೆ ನಾನು ಹೇಳಿದ ಸಮಾಧಾನ ಏನೆಂದರೆ, ನೀನು ಫೈರ್ ಆಫೀಸಿನಲ್ಲಿ ಕಾರಕೂನ, ಮೇಜಿನ ಮುಂದೆ ಕೂತು ಬರೆಯುವವನು, ಬೆಂಕಿಯ ಮುಖ ನೋಡುವುದಿಲ್ಲ ಎಂದು. ಭೀಮಶ್ಯಾ ಬಂದಾಗ ನೀನು ಕಾರಕೂನನ ಹಾಗೆ ಕಾಣಬೇಕಿತ್ತು. ನಿನ್ನ ಮೇಲೆ ಮೂರು ತಿಂಗಳು ಸಂಶಯಪಟ್ಟೆ. ಆ ಹೊತ್ತಿನಲ್ಲಿ ಸುಳ್ಳು ಕೂತಿದ್ದು ನನ್ನ ಹತ್ತಿರ.

ಇದಿಷ್ಟನ್ನೂ ಬರೆದು ಸಹಿ ಮಾಡಿ ಯಾಕೂಬಸಾಬರ ಕೈಗೆ ಕೊಟ್ಟು ಬಂದಿದ್ದೇನೆ. ಮೇಲಿನವರಿಗೆ ತೋರಿಸಿ, ಮುಂದಿನ ತಂಡದ ಜೊತೆ ನಿನಗೆ ಮತ್ತೊಮ್ಮೆ ಅವಕಾಶ ಕೊಡಿಸಲು ನೋಡುತ್ತೇನೆ ಎಂದಿದ್ದಾರೆ. ದೇವರ ಹಿಪ್ಪರಗಿಗೂ ಹೋಗುತ್ತೇನೆ.

ಅಕ್ಕ


ಬೆಂಗಳೂರು
೧೪ ಜೂನ್ ೧೯೭೪

ಅಕ್ಕನಿಗೆ ನಮಸ್ಕಾರ.

ಬಲಗೈಯಿಂದ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದೆ. ಆಸ್ಪತ್ರೆಯಿಂದ ಬಿಟ್ಟರು. ಜುಲೈ ತಂಡಕ್ಕೆ ನನ್ನನ್ನು ಸೇರಿಸಿಕೊಂಡಿದ್ದಾರೆ. ಮೊದಲಿನಿಂದ ಕಲಿಯಬೇಕು.

ನಿನ್ನ ಕಾಗದ ಓದಿದೆ. ಆದದ್ದು ಆಯಿತು. ನನಗೇನೂ ಸಿಟ್ಟಿಲ್ಲ. ನೀನು ನನ್ನ ಒಳ್ಳೆಯದಕ್ಕೇ ಮಾಡಿದ್ದು, ಸಿಟ್ಟು ಯಾಕೆ ಬರಬೇಕು? ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿಜವಾಗಿ ಸಿಟ್ಟಿಲ್ಲ. ಊಟ ಚೆನ್ನಾಗಿದೆ.

ಶಂಕ್ರೆಪ್ಪ


ಮುದ್ದೇಬಿಹಾಳ
೮ ಜುಲೈ ೧೯೭೪

ಶಂಕ್ರೆಪ್ಪಾ,

ಕಳೆದ ವಾರ ದೇವರ ಹಿಪ್ಪರಗಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತು ಗುರಲಿಂಗಪ್ಪನವರಿಗೆ ಎಲ್ಲ ಹೇಳಿದೆ. ಸುಟ್ಟದ್ದು, ಮುಂದೆಯೂ ನೀನು ಬೆಂಕಿಯ ಕೆಲಸಕ್ಕೇ ಹೋಗುವವನು ಎಂಬುದು, ಕಾರಕೂನ ಎಂದು ನಾನು ಹೇಳಿದ್ದು. ಅವರು ಕೂಗಾಡಲಿಲ್ಲ. ಅಡಕೆ ಕತ್ತರಿಸುತ್ತಲೇ ಕೇಳಿದರು.

"ಬೆಂಕಿ ಕೆಲಸ ಅಂತ ಮೊದಲ ಹೇಳಿದ್ರ ನಾ ಇಚಾರ ಮಾಡತಿದ್ನಿ ಬಾಯಾರ" ಎಂದರು. "ಗಾಡಿ ಹೊಡಿಯಾಂವಗೂ ಹೆಣ್ಣು ಕೊಡತೀವಿ, ಬಾವಿ ತೋಡಾಂವಗೂ ಕೊಡತೀವಿ. ಜೀವಕ್ಕ ಅಂಜಿಕಿ ಎಲ್ಲಿಲ್ಲ? ಆದ್ರ ಸಾಲಿ ಕಲಸೂ ನೀವ ಹಿಂಗ ಅಂದ ಮ್ಯಾಲ, ನಾಳೆ ನನ್ನ ಮಗಳು ಅರಾಮ ಅದಾಳ ಅಂತ ನೀವು ಕಾಗದ ಬರದ್ರ ನಾ ಹೆಂಗ ನಂಬಲಿ?"

ಮದುವೆ ಮುರಿದಿದೆ. ಇನ್ನು ಆ ಮಾತು ಎತ್ತುವುದು ಬೇಡ.

ಬಸ್ಸಿಗೆ ನಿಂತಾಗ ಸುಂದರವ್ವ ಕೊಡ ಹೊತ್ತು ಆ ದಾರಿಗೇ ಬಂದಳು. ಬೇಕೆಂದೇ ಬಂದದ್ದು ಎಂದು ನನಗನಿಸಿತು. "ಅವರ ಕೈ ಈಗ ಹೆಂಗೈತ್ರಿ?" ಎಂದಳು. ಬರೆಯುವಷ್ಟು ಆಗಿದೆ ಎಂದೆ. ತಲೆ ಅಲ್ಲಾಡಿಸಿ ಹೋದಳು. ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮುಚ್ಚಿಟ್ಟದ್ದು ಸಾಕಾಗಿದೆ, ಅದಕ್ಕೆ ಬರೆದಿದ್ದೇನೆ.

ನಿನ್ನ ಕಾಗದದಲ್ಲಿ ಸಿಟ್ಟಿಲ್ಲ ಎಂಬ ಮಾತು ಎರಡು ಸಲ ಬಂದಿದೆ. ಊಟ ಚೆನ್ನಾಗಿದೆ ಎಂಬುದು ಒಂದು ಸಲ. ಎರಡನ್ನೂ ನಾನು ನಂಬಿಲ್ಲ.

ಅಕ್ಕ


ಬೆಂಗಳೂರು
೨೨ ಸೆಪ್ಟೆಂಬರ್ ೧೯೭೪

ಅಕ್ಕಾ,

ಮೂರು ತಿಂಗಳು ಕಾಗದ ಬರೆಯಲಿಲ್ಲ. ಬರೆಯಲು ಕೂತರೆ ಮತ್ತೆ ಊಟ ಚೆನ್ನಾಗಿದೆ ಎಂದೇ ಬರುತ್ತಿತ್ತು. ಹುಬ್ಬು ಸುಟ್ಟದ್ದೂ ಸ್ಟೋವಿನಿಂದಲ್ಲ, ತರಬೇತಿಯ ಬೆಂಕಿಯಿಂದಲೇ.

ಮೊನ್ನೆ ಶುಕ್ರವಾರ ಮತ್ತೆ ಆ ಇಟ್ಟಿಗೆಯ ಕೋಣೆಗೆ ಹೋದೆ. ಒಳಗೆ ಹುಲ್ಲು, ಒಡೆದ ಪೆಟ್ಟಿಗೆಗಳನ್ನು ಒಟ್ಟಿ ಹಚ್ಚಿರುತ್ತಾರೆ. ಇಬ್ಬಿಬ್ಬರೇ ಹೋಗಬೇಕು. ನನ್ನ ಜೊತೆಗಾರ ಚಂದಪ್ಪ, ಸಿಂದಗಿಯವನು. ಅವನ ಗುಂಡಿ ನಾನು ನೋಡಿದೆ, ನನ್ನವು ಅವನು ನೋಡಿದ. ಒಳಗೆ ಒಣಗಿದ ಹತ್ತಿ ಬನೀನು, ಕಾಲರು ಮೇಲೆ, ತೋಳಿನ ಗುಂಡಿ ಬಿಗಿ, ಅದರ ಮೇಲೆ ಕೈಗವಸು. ಯಾಕೂಬಸಾಬರು ಕೊನೆಗೆ ಬಂದು ನನ್ನ ತೋಳನ್ನು ತಾವೇ ಎಳೆದು ನೋಡಿದರು. ಬಾಗಿಲಿನಲ್ಲಿ ನಿಂತುಬಿಟ್ಟೆ. "ಬಗ್ಗು ಮೋರಟಗಿ. ಬೆಂಕಿ ಮ್ಯಾಲ ಇರ್ತೈತಿ, ನೀ ಕೆಳಗ ಇರು" ಎಂದರು. ಹೊಟ್ಟೆಯ ಮೇಲೆ ತೆವಳುತ್ತ ಹೋದೆವು. ಹೆಲ್ಮೆಟ್ಟಿನ ಮೇಲೆ ಯಾರೋ ಕೂತ ಹಾಗೆ ಝಳ. ನೀರು ಮೇಲಕ್ಕೆ ಹೊಡೆದು, ಆಮೇಲೆ ಬುಡಕ್ಕೆ ಹೊಡೆದು ಆರಿಸಿ ಹೊರಗೆ ಬಂದೆವು. ಕೋಟು ಬಿಚ್ಚಿ ನೋಡಿಕೊಂಡೆ. ಬೆವರು ಬಿಟ್ಟು ಏನೂ ಇರಲಿಲ್ಲ. ಅಲ್ಲೇ ಕೂತು ಅತ್ತೆ. ಚಂದಪ್ಪ ನೀರು ಕೊಟ್ಟ. ಪಾಸಾಗಿದ್ದೇನೆ. ವಿಜಾಪುರಕ್ಕೆ ಹಾಕುತ್ತಾರಂತೆ. ನಮ್ಮ ಕಡೆ ಬಾಗೇವಾಡಿಯ ಹತ್ತಿ ಗಿರಣಿ, ಇಂಡಿಯ ಬಣವೆ, ಎಲ್ಲಿ ಹತ್ತಿದರೂ ಅಲ್ಲಿಂದಲೇ ಹೋಗಬೇಕು.

ಈಗ ಸಿಟ್ಟಿನ ಮಾತು.

ಯುಗಾದಿಯ ದಿನ ಗಂಟೆ ಹೊಡೆದಾಗ ಅಂಗಿ ತೆಗೆದೊಗೆಯಲು ಸಮಯವಿತ್ತು. ಕೈ ಗುಂಡಿಯ ಮೇಲೆ ಇಟ್ಟಿದ್ದೆ. ಹನ್ನೊಂದಕ್ಕೆ ಭೀಮಶ್ಯಾ ಬರುತ್ತಾರೆ, ಮೈಮೇಲೆ ಕಾಣದಿದ್ದರೆ ಯಾರಿಗೋ ಕೊಟ್ಟೆ ಎನ್ನುತ್ತೀಯಲ್ಲ ಎಂದು ಹಾಗೇ ಬಿಟ್ಟೆ. ಆ ಗೊಂದಲದಲ್ಲಿ ತೋಳಿನ ಗುಂಡಿ ಮರೆತೆ. ಅದು ನನ್ನ ತಪ್ಪು, ನನ್ನದೊಬ್ಬನದೇ. ಕೋಣೆಯೊಳಗೆ ಅಂಗಿ ಕರಗುವುದು ಗೊತ್ತಾದಾಗ ನಾನು ದೇವರನ್ನು ನೆನೆಯಲಿಲ್ಲ. ನಿನ್ನ ಹೆಸರು ಹಿಡಿದು ಬೈದೆ. ನೀನು ಶಾಲೆಯಲ್ಲಿ ಯಾವ ಮಕ್ಕಳ ಬಾಯಿಂದಲೂ ಕೇಳಿರದ ಮಾತು.

"ಅಕ್ಕಗ ಬರೀಬ್ಯಾಡ್ರಿ" ಎಂದದ್ದನ್ನು ಸಗೀರಾ ಕಾಕು ನಿನ್ನ ಮೇಲಿನ ಮಮತೆ ಎಂದು ತಿಳಿದಿದ್ದಾರೆ. ನೀನೂ ಹಾಗೇ ತಿಳಿದಿದ್ದೀ. ಅಲ್ಲ. ನಿನಗೆ ಗೊತ್ತಾದರೆ ಬರುತ್ತೀ, ಬಂದರೆ ನಿನ್ನ ಮುಖ ನೋಡಬೇಕಾಗುತ್ತದೆ ಎಂದು ಹೇಳಿದ್ದೆ. ಕಾರ್ಡಿನಲ್ಲಿ "ಬರಬೇಡ" ಎಂದು ಬರೆದದ್ದೂ ಅದಕ್ಕೇ. ನೀನು ಹನ್ನೆರಡು ದಿನ ಪಕ್ಕದಲ್ಲಿ ಕೂತಿದ್ದಾಗ ನಾನು ನಿದ್ದೆ ಮಾಡಿದ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಸುಂದರವ್ವ ಕೈ ಹೇಗಿದೆ ಎಂದು ಕೇಳಿದಳು ಎಂದು ಓದಿದ ದಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಈಗ ಎಷ್ಟು ಉಳಿದಿದೆ ಎಂದು ಕೇಳಿದರೆ ಗೊತ್ತಿಲ್ಲ. ಬರೆದ ಮೇಲೆ ಸ್ವಲ್ಪ ಕಡಿಮೆಯಾದ ಹಾಗಿದೆ.

ಶಂಕ್ರೆಪ್ಪ


ಮುದ್ದೇಬಿಹಾಳ
೧ ಅಕ್ಟೋಬರ್ ೧೯೭೪

ಚಿ. ಶಂಕ್ರೆಪ್ಪನಿಗೆ,

ನಿನ್ನ ಕಾಗದವನ್ನು ಶಾಲೆಯಲ್ಲಿ ಓದಲು ಶುರು ಮಾಡಿ, ಮಕ್ಕಳಿಗೆ ಬಿಡುವು ಕೊಟ್ಟು ಮನೆಗೆ ಬಂದು ಮುಗಿಸಿದೆ. ಬೆಳಕಿಗೆ ಹಿಡಿದು ನೋಡಲಿಲ್ಲ. ಬೇಕಾಗಲಿಲ್ಲ. ಈ ವರ್ಷ ನೀನು ಬರೆದ ಕಾಗದಗಳಲ್ಲಿ ನಾನು ಪೂರ್ತಿ ನಂಬಿದ್ದು ಇದೊಂದನ್ನೇ.

ದೀಪಾವಳಿಯ ಹೊತ್ತಿಗೆ ವಿಜಾಪುರಕ್ಕೆ ಬಂದಿರುತ್ತೀಯಲ್ಲ. ಎರಡು ದಿನ ರಜೆ ಕೇಳಿಕೊಂಡು ಬಾ. ಬೈಯುವುದು ಇನ್ನೂ ಉಳಿದಿದ್ದರೆ ಎದುರಿಗೆ ಕೂತು ಬೈ. ನಾನು ಕೇಳಿಸಿಕೊಳ್ಳುತ್ತೇನೆ. ಕಣ್ಣು ಮಾತ್ರ ಮುಚ್ಚಬೇಡ.

ಅಕ್ಕ